ಬಾತುಕೋಳಿ ಮೂಗಿನ ಜಿಗಣೆ ಮತ್ತು ಹೊಸ ಆ್ಯಂಟಿಬಯಾಟಿಕ್ ಆಸೆ

ಕೆರೆಯಲ್ಲಿ ಮಿಂದು ಬಂದ ಎಮ್ಮೆಯ ಕಾಲಸಂದಿಯಲ್ಲಿ ಜಿಗಣೆ ಕಚ್ಚಿಕೊಂಡಿರುತ್ತದೆ. ಕಿತ್ತು ಎಸೆದರೂ ರಕ್ತ ಒಸರುತ್ತಲೇ ಇರುತ್ತದೆ. (ಮಲೆನಾಡಿನ ಇಂಬಳ ಇದರ ನೆಂಟನೇ, ಆದರೆ ಅದು ನೆಲದ್ದು.) ಸುಶ್ರುತ ಸಂಹಿತೆ ಜಿಗಣೆಯಲ್ಲಿ 12 ಬಗೆ ಹೇಳಿ, ಆರನ್ನು ವಿಷದವು ಅಂತ ದೂರ ಇಡುತ್ತದೆ. ಜಿಗಣೆಯ ಬಾಯಲ್ಲಿ ರಕ್ತ ಹೆಪ್ಪುಗಟ್ಟಲು ಬಿಡದ ವಸ್ತುವಿದೆ ಎಂದು 1884ರಲ್ಲಿ ಬ್ರಿಟಿಷ್ ವಿಜ್ಞಾನಿ ಜಾನ್ ಬೆರಿ ಹೇಕ್ರಾಫ್ಟ್ ತೋರಿಸಿದ. ಕೊಳಕು ನೀರಲ್ಲೇ ಬದುಕುವ ಹುಳು ಯಾಕೆ ಕೊಳೆಯುವುದಿಲ್ಲ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಹಳ ತಡವಾಗಿ.

ದಾರಿ ತೋರಿಸಿದ್ದು ಒಂದು ಪತಂಗ. 1981ರಲ್ಲಿ ಸ್ವೀಡನ್ನಿನ ಹಾನ್ಸ್ ಬೋಮನ್ ತಂಡ ಸಿಕ್ರೋಪಿಯಾ ಪತಂಗದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಪುಟ್ಟ ಪ್ರೋಟೀನುಗಳನ್ನು ಗುರುತಿಸಿತು. ಆಮೇಲೆ ಹುಳುಹುಪ್ಪಟೆಗಳಲ್ಲಿ ಹುಡುಕಾಟ ಶುರುವಾಯಿತು. 2004ರಲ್ಲಿ ಫ್ರಾನ್ಸಿನ ಲಿಲ್ ನಗರದ ವಿಜ್ಞಾನಿಗಳು ಥೆರೋಮೈಝಾನ್ ಎಂಬ ಜಿಗಣೆಯ ಮೈರಸದಲ್ಲಿ ಅಂಥದೇ ಎರಡನ್ನು ಕಂಡರು. ಬಾತುಕೋಳಿಯ ಮೂಗಿನೊಳಗೆ ಹೊಕ್ಕು ರಕ್ತ ಕುಡಿಯುವ ಜಿಗಣೆ ಅದು! ಅದರಲ್ಲೊಂದು ಥೆರೋಮಾಸಿನ್. ಇದೇ ಮನೆತನದ ನ್ಯೂರೋಮಾಸಿನ್, ಚಿಕಿತ್ಸೆಗೆ ಬಳಸುವ ಜಾತಿಯ ಜಿಗಣೆಯ ನರಹುರಿಯಲ್ಲಿ ಸಿಕ್ಕಿತು. ಇದು ಬ್ಯಾಕ್ಟೀರಿಯಾ ಕೊಲ್ಲುವುದಲ್ಲದೆ, ತುಂಡಾದ ನರ ಮತ್ತೆ ಬೆಳೆಯಲೂ ನೆರವಾಗುತ್ತದೆ.

2009ರಲ್ಲಿ ಜರ್ಮನಿಯ ಕೀಲ್ ನಗರದ ವಿಜ್ಞಾನಿಗಳು ಹೈಡ್ರಾ ಎಂಬ ಪುಟ್ಟ ನೀರುಜೀವಿಯಲ್ಲಿ ಇದೇ ಮನೆತನದ ಹೈಡ್ರಾಮಾಸಿನ್ ಕಂಡುಹಿಡಿದರು. ಹೈಸ್ಕೂಲಲ್ಲಿ ಹೈಡ್ರಾ ಚಿತ್ರ ಬರೆದಿದ್ದೀರಿ ಅಲ್ವಾ? ಮೈಯೆಲ್ಲಾ ಸೇರಿ ಎರಡೇ ಪದರ ಜೀವಕೋಶ. ರಕ್ತವಿಲ್ಲ, ಬಿಳಿ ರಕ್ತಕಣವೂ ಇಲ್ಲ. ಹೈಡ್ರಾಮಾಸಿನ್ ತಗುಲಿದ ಬ್ಯಾಕ್ಟೀರಿಯಾ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಹೈಡ್ರಾ ಮಾತ್ರ ಎಲ್ಲ ಬ್ಯಾಕ್ಟೀರಿಯಾವನ್ನೂ ಕೊಂದು ಮುಗಿಸುವುದಿಲ್ಲ. ಯಾವುದು ತನ್ನ ಮೈಮೇಲೆ ಇರಬೇಕು ಅಂತ ಇಂಥ ಪುಟ್ಟ ಪ್ರೋಟೀನುಗಳಿಂದಲೇ ಆರಿಸಿಕೊಳ್ಳುತ್ತದೆ.

ನಮ್ಮ ದೇಶದ ಲ್ಯಾಬುಗಳಲ್ಲೂ ಗದ್ದೆಯ ಬಸವನಹುಳು, ಕೆರೆಯ ಕಪ್ಪೆಚಿಪ್ಪುಗಳ ಸಾರ ತೆಗೆದು ನೋಡಿದ್ದಾರೆ. ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ, ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡುತ್ತಾರೆ. ಮರುದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ಉಂಗುರ ಮೂಡಿದರೆ ಖುಷಿ. ಆದರೆ ವಿನೆಗರ್ ಅದ್ದಿಟ್ಟರೂ ಉಂಗುರ ಮೂಡುತ್ತದೆ. ಉಂಗುರ ಕಂಡ ತಕ್ಷಣ ಸುಮ್ನೆ ‘ಹೊಸ ಔಷಧ’ ಅಂತ ಬರೆಯುವುದು ಜಾಸ್ತಿಯಾಯಿತು. ಇಂಥ ಪ್ರೋಟೀನುಗಳು ನಮ್ಮ ರಕ್ತದಲ್ಲಿ ಬೇಗ ಮುರಿದುಹೋಗಬಹುದು. ಕೆಲವು ನಮ್ಮ ಕೆಂಪು ರಕ್ತಕಣಕ್ಕೇ ಕೈ ಹಾಕುತ್ತವೆ. ತಯಾರಿಸುವ ಖರ್ಚೂ ಕಮ್ಮಿಯಲ್ಲ.

ಅದೇ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜೀವಂತ ಜಿಗಣೆಯನ್ನು ವೈದ್ಯಕೀಯ ಸಾಧನ ಅಂತ ಒಪ್ಪಿತು. ಮರುಜೋಡಿಸಿದ ಬೆರಳಲ್ಲಿ ರಕ್ತ ಕಟ್ಟಿ ನೀಲಿಗಟ್ಟಿದಾಗ ಸರ್ಜನ್‌ಗಳು ಜಿಗಣೆ ಹಚ್ಚುತ್ತಾರೆ. ಅದರ ಹೊಟ್ಟೆಯಲ್ಲಿ ಏರೋಮೋನಸ್ ಎಂಬ ಬ್ಯಾಕ್ಟೀರಿಯಾ ಹಾಯಾಗಿ ವಾಸವಿರುತ್ತದೆ. ಅದು ಗಾಯಕ್ಕಿಳಿದರೆ ಕೀವು. ಹಾಗಾಗಿ ಜಿಗಣೆ ಹಚ್ಚುವಾಗ ರೋಗಿಗೆ ಆ್ಯಂಟಿಬಯಾಟಿಕ್ ಕೂಡ ಕೊಡುತ್ತಾರೆ.