ಅಮ್ಮನನ್ನೂ ಮಕ್ಕಳನ್ನೂ ಬೇರ್ಪಡಿಸದ ಆಸರೆ ಬೇಕು

2011ರ ಜನಗಣತಿಯಲ್ಲಿ ವಸತಿರಹಿತರ ಎಣಿಕೆ ನಡೆದದ್ದು ಫೆಬ್ರವರಿ 28ರ ರಾತ್ರಿ. ಫುಟ್‌ಪಾತ್, ರೈಲು ನಿಲ್ದಾಣ, ಮೇಲ್ಸೇತುವೆಯ ಅಡಿ, ದೇವಸ್ಥಾನದ ಮಂಟಪಗಳಲ್ಲಿ ಮಲಗಿದ್ದವರನ್ನು ಲೆಕ್ಕ ಹಾಕಿದಾಗ ದೇಶದಲ್ಲಿ ಸುಮಾರು 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ಜನ ಸಿಕ್ಕಿದರು. ಬೆಂಗಳೂರಿನಲ್ಲಿ ಇಂಥ ಕುಟುಂಬಗಳ ನಡುವೆ ಸಮಾಜ ಕಾರ್ಯಕರ್ತೆಯಾಗಿ ದುಡಿಯುವ ನನಗೆ ಈ ಲೆಕ್ಕದಿಂದ ಹೊರಗುಳಿದವರದ್ದೇ ಹೆಚ್ಚಿನ ಚಿಂತೆ. ಬೆಳೆಯುತ್ತಿರುವ ಹೆಣ್ಣುಮಕ್ಕಳಿರುವ ತಾಯಿ ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಮಲಗುವುದು ಅಪರೂಪ. ಆಕೆ ಒಂದು ವಾರ ಅಕ್ಕನ ಮನೆಯಲ್ಲಿ, ಅಲ್ಲಿ ಮಾತು ಬಂದ ಮೇಲೆ ಸರ್ಕಾರಿ ಆಸ್ಪತ್ರೆಯ ಹೊರಾಂಗಣದಲ್ಲಿ ರೋಗಿಗಳ ಕಡೆಯವರ ನಡುವೆ, ಆಮೇಲೆ ಅರ್ಧ ಕಟ್ಟಿದ ಮನೆಯೊಂದರಲ್ಲಿ ದಿನ ದೂಡುತ್ತಿರುತ್ತಾಳೆ.

ಈ ಸ್ಥಿತಿಗೆ ಬರಲು ಬಹಳ ದೊಡ್ಡ ಅನಾಹುತವೇನೂ ಬೇಕಿಲ್ಲ. ಕಟ್ಟಡ ಕೆಲಸಕ್ಕೆಂದು ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದ ಕುಟುಂಬ ಮೇಸ್ತ್ರಿ ಕೊಟ್ಟ ತಗಡಿನ ಶೆಡ್ಡಿನಲ್ಲಿ ಇರುತ್ತದೆ. ಕಟ್ಟಡ ಮುಗಿದ ದಿನ ಶೆಡ್ಡೂ ಕೈಬಿಡುತ್ತದೆ. ಬಾಡಿಗೆ ಮನೆ ಹಿಡಿಯೋಣವೆಂದರೆ ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ವಾಡಿಕೆ. ತಿಂಗಳಿಗೆ 6,000 ರೂಪಾಯಿ ದುಡಿದು ಕೊಡಬಲ್ಲ ಹೆಂಗಸು ಒಮ್ಮೆಲೇ 60,000 ರೂಪಾಯಿ ತರುವುದೆಲ್ಲಿಂದ? ಅಷ್ಟು ಹಣ ಹೊಂದಿಸಿದರೂ, ಗಂಡ ಜೊತೆಗಿಲ್ಲ ಎಂದು ತಿಳಿದ ಕೂಡಲೇ ಮನೆ ಖಾಲಿ ಇಲ್ಲ ಎನ್ನುವ ಮಾಲೀಕರಿದ್ದಾರೆ.

ಹೊಡೆತ ತಾಳಲಾರದೆ ಮನೆಬಿಟ್ಟು ಬಂದವರ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮನೆ ಗಂಡನ ಅಥವಾ ಅತ್ತೆಯ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಕಲಮು ಹೆಂಡತಿಗೆ ಕೊಡುತ್ತದೆ. ಅಲ್ಲಿ ಇರುವುದು ಅಪಾಯವಾದರೆ, 19ನೇ ಕಲಮಿನಡಿ ಗಂಡನನ್ನೇ ಹೊರಗಿರುವಂತೆ ಆದೇಶಿಸಲು ಅಥವಾ ಬೇರೆ ಮನೆಯ ಬಾಡಿಗೆ ಅವನಿಂದ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ನಮ್ಮಲ್ಲಿಗೆ ಬರುವ ತಾಯಂದಿರಲ್ಲಿ ಹೆಚ್ಚಿನವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ; ಅನುಸರಿಸಿಕೊಂಡು ಹೋಗು ಎಂಬ ಬುದ್ಧಿವಾದವನ್ನು ಮಾತ್ರ ಎಲ್ಲರೂ ಹೇಳಿರುತ್ತಾರೆ.

ಇನ್ನು ಸರ್ಕಾರದ ಆಶ್ರಯ ಕೇಂದ್ರಗಳ ವಿಷಯ. ದೊಡ್ಡ ನಗರಗಳಲ್ಲಿ ಪ್ರತಿ ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಹಗಲಿರುಳು ತೆರೆದಿರುವ ಕೇಂದ್ರಗಳಿರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ತಲಾ 50 ಚದರ ಅಡಿ ಜಾಗ, ಅಡುಗೆಗೆ ಸ್ಥಳ, ಅಂಗನವಾಡಿಯ ಸಂಪರ್ಕ, ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರ ಎಲ್ಲವೂ ಇವೆ. ಆದರೆ ನಾನು ಕಂಡಿರುವ ಕೇಂದ್ರಗಳಲ್ಲಿ ಹೆಚ್ಚಿನವು ಗಂಡಸರಿಗೊಂದು, ಹೆಂಗಸರಿಗೊಂದು ಎಂಬ ಉದ್ದನೆಯ ಹಾಲ್‌ಗಳು. ಅಪ್ಪ ಒಂದು ಕಡೆ, ಅಮ್ಮ ಇನ್ನೊಂದು ಕಡೆ. ಮೀಸೆ ಮೂಡುವ ವಯಸ್ಸಿನ ಮಗನಿಗೆ ಅಮ್ಮನ ಹಾಲ್‌ನಲ್ಲಿ ಪ್ರವೇಶವಿಲ್ಲ.

ಒಬ್ಬ ತಾಯಿ ಜೋರು ಮಳೆಯಲ್ಲಿ ಬಾಗಿಲ ತನಕ ಬಂದು ನಿಂತಿದ್ದಳು. ಸೊಂಟದ ಮೇಲೆ ಕೂಸು, ಪಕ್ಕದಲ್ಲಿ ಪಾತ್ರೆಯ ಗಂಟು ಹೊತ್ತ ಹನ್ನೆರಡರ ಮಗ. ನಿಯಮ ಕೇಳಿದ ಮೇಲೆ, “ನನ್ನ ಮಗನ್ನ ಬ್ಯಾರೆ ಕಡಿ ಮಲಗಸ್ತೀರಿ ಅಂದ್ರ ನಾ ಒಳಗ ಬರಾಂಗಿಲ್ರಿ ಅಕ್ಕಾರ” ಎಂದು ಗಂಟನ್ನು ಅವನ ತಲೆಗೆ ಮತ್ತೆ ಹೊರಿಸಿದಳು. ಸೌಲಭ್ಯ ಕೊಟ್ಟರೂ ಇವರು ಬರುವುದಿಲ್ಲ ಎಂದು ಅಧಿಕಾರಿಗಳು ಬರೆಯುವ ವರದಿಗಳ ಹಿಂದೆ ಇಂಥ ಎಷ್ಟೋ ತಾಯಂದಿರಿದ್ದಾರೆ.

ಇದಕ್ಕಿಂತ ಆಳವಾದದ್ದು ಮಕ್ಕಳನ್ನು ಕಿತ್ತುಕೊಂಡುಬಿಡುತ್ತಾರೆ ಎಂಬ ಭಯ. ಸಮವಸ್ತ್ರದವರನ್ನೋ ನಮ್ಮಂಥವರನ್ನೋ ಕಂಡರೆ ತಾಯಂದಿರು ಎದ್ದು ನಡೆಯುವುದು ಇದಕ್ಕೇ. ಭಯ ಸುಳ್ಳಲ್ಲ: ಮನೆಯಾಗಲಿ ಜೀವನೋಪಾಯವಾಗಲಿ ಇಲ್ಲದ ಮಗುವನ್ನು 2015ರ ಬಾಲನ್ಯಾಯ ಕಾಯ್ದೆ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು ಎಂದು ಪರಿಗಣಿಸುತ್ತದೆ. ಆದರೆ ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕೊನೆಯ ಕ್ರಮ ಎಂದು ಹೇಳುವುದೂ ಅದೇ ಕಾಯ್ದೆ. ಮಾನಸಿಕ ಕಾಯಿಲೆಯಿರುವ ತಾಯಿಯ ವಿಷಯದಲ್ಲಂತೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಸ್ಪಷ್ಟವಾಗಿದೆ: ವಸತಿರಹಿತರಿಗೆ ಚಿಕಿತ್ಸೆ ಉಚಿತ, ಚಿಕಿತ್ಸೆ ಪಡೆಯುವಾಗ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಅಗಲಿಸುವಂತಿಲ್ಲ. ಸೂರಿಲ್ಲದಿರುವುದು ತಾಯಿಯ ನಿರ್ಲಕ್ಷ್ಯಕ್ಕೆ ಸಾಕ್ಷಿಯಲ್ಲ ಎಂಬುದು ನನ್ನ ಖಚಿತ ನಿಲುವು. ಮಗುವಿಗೆ ಹಾಸ್ಟೆಲ್ ಹುಡುಕುವಷ್ಟೇ ಶ್ರಮವನ್ನು ತಾಯಿ–ಮಗು ಇಬ್ಬರಿಗೂ ಒಂದು ಕೋಣೆ ಹುಡುಕುವುದರಲ್ಲಿ ನಾವು ತೋರಿಸಬೇಕು.

ವಿಳಾಸವಿಲ್ಲ ಎಂಬ ಕಾರಣಕ್ಕೆ ಗರ್ಭಿಣಿಗೆ ತಾಯಿ ಕಾರ್ಡ್ ತಡವಾಗುವುದು, ಜನನ ಪ್ರಮಾಣಪತ್ರವಿಲ್ಲದ ಮಗುವನ್ನು ಶಾಲೆಯಿಂದ ವಾಪಸು ಕಳಿಸುವುದು ಈಗಲೂ ನಡೆಯುತ್ತದೆ. ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶ ನಿರಾಕರಿಸುವುದನ್ನು ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ನಿಷೇಧಿಸಿದೆ. ಇಂಥ ಕುಟುಂಬ ನಿಮ್ಮ ಕಣ್ಣಿಗೆ ಬಿದ್ದರೆ ಮೊದಲು ತಾಯಿಯೊಡನೆ ಮಾತಾಡಿ, ಆಕೆ ಒಪ್ಪಿದರೆ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ; ಮಕ್ಕಳ ಸಮೇತ ಇರಲು ಜಾಗ ಬೇಕೆಂದು ಬಿಡಿಸಿ ಹೇಳಿ.

ಪಾಲಿಕೆಗಳಿಂದ ನಾನು ಕೇಳುವುದು ಎರಡು. ಪ್ರತಿ ವಲಯದಲ್ಲೂ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಸಣ್ಣ ಕೋಣೆಗಳ, ಒಲೆ ಹಚ್ಚಲು ಅವಕಾಶವಿರುವ ಕುಟುಂಬ ಕೇಂದ್ರ ಒಂದಾದರೂ ಇರಲಿ. ಹಾಗೆಯೇ, ಕೆಲಸ ಹಿಡಿದು ಬಾಡಿಗೆ ಕಟ್ಟಬಲ್ಲ ತಾಯಿಗೆ ಮನೆಯ ಅಡ್ವಾನ್ಸ್ ಹಣವನ್ನು ಬಡ್ಡಿಯಿಲ್ಲದೆ ಕೊಟ್ಟು, ಕಂತಿನಲ್ಲಿ ವಾಪಸು ಪಡೆಯುವ ನಿಧಿಯೊಂದನ್ನು ತೆರೆಯಲಿ. ಕೇಂದ್ರದಲ್ಲಿ ವರ್ಷಗಟ್ಟಲೆ ಉಳಿದಿರುವ ಹಲವರನ್ನು ತಡೆದು ನಿಲ್ಲಿಸಿರುವುದು ಆ ಒಂದು ಮೊತ್ತ ಮಾತ್ರ.