ಸ್ಟಿಕ್ಕೋ, ಸ್ಲಾಟೋ? ಹೊಸ ಪಿಸಿಯ ರ್ಯಾಮ್ ದೋಷ ಹುಡುಕಿದ ಟಿಪ್ಪಣಿ

ಮೊದಲ ಸಲ ಪಿಸಿ ಜೋಡಿಸಿ, ವಾರದೊಳಗೇ ಬ್ಲೂ ಸ್ಕ್ರೀನ್ (ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ) ಕಂಡವರಿಗೆ ಈ ಟಿಪ್ಪಣಿ. ಜೋಡಿಸುವುದು ಹೇಗೆ ಅಂತ ಬರೆಯುತ್ತಿಲ್ಲ, ಅದಕ್ಕೆ ವಿಡಿಯೋ ಬೇಕಾದಷ್ಟಿವೆ. ನಾನು ಎಡವಿದ್ದು ಒಂದು ಕಡೆ. ಮರೆಯುವ ಮೊದಲು ಅದನ್ನು ಬರೆದಿಡಬೇಕು.

ನನ್ನದು ಇಂಟೆಲ್ ಐ5 12400 ಪ್ರೊಸೆಸರ್, ಬಿ660 ಮದರ್‌ಬೋರ್ಡು, 8 ಜಿಬಿಯ ಎರಡು ಡಿಡಿಆರ್4 3200 ರ್ಯಾಮ್ ಸ್ಟಿಕ್ (ಪಿಸಿಯ ತಾತ್ಕಾಲಿಕ ನೆನಪಿನ ಪಟ್ಟಿ). ಎಲ್ಲವನ್ನೂ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದು ದಾವಣಗೆರೆಯ ಮನೆಯಲ್ಲಿ ಜೋಡಿಸಿದ್ದು.

ರ್ಯಾಮ್ ಮೇಲೆ ಅನುಮಾನ ಬಂದದ್ದು

ಬ್ಲೂ ಸ್ಕ್ರೀನಿನಲ್ಲಿ ಒಂದು ದಿನ ‘ಮೆಮೊರಿ ಮ್ಯಾನೇಜ್‌ಮೆಂಟ್’, ಮಾರನೇ ದಿನ ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’, ಆಮೇಲೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’. ಹೀಗೆ ದಿನಕ್ಕೊಂದು ಎರರ್ ಹೆಸರು. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಫೈಲಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಹೆಸರು ಬದಲಾಗುತ್ತಲೇ ಇದ್ದರೆ ರ್ಯಾಮ್ ಕಡೆ ನೋಡಬೇಕು. ಆದರೆ ನನಗೆ ಖಾತ್ರಿ ಕೊಟ್ಟದ್ದು ಬ್ಲೂ ಸ್ಕ್ರೀನ್ ಅಲ್ಲ, ಒಂದು ಜಿಪ್ ಫೈಲು. ತೆರೆದರೆ ಸಿಆರ್‌ಸಿ ಎರರ್, ಅಂದರೆ ಫೈಲಿನ ಡೇಟಾ ತಾಳೆಯಾಗುತ್ತಿಲ್ಲ ಎಂಬ ದೂರು. ಏನೂ ಮಾಡದೆ ಎರಡನೇ ಸಲ ತೆರೆದೆ, ಸರಿಯಾಗಿ ಬಿಚ್ಚಿಕೊಂಡಿತು. ಡಿಸ್ಕಿನಲ್ಲಿ ಕೂತ ಫೈಲು ತಾನಾಗಿ ರಿಪೇರಿಯಾಗುವುದಿಲ್ಲ. ಅಂದರೆ ಓದಿ ತರುವ ದಾರಿಯಲ್ಲಿ ಎಲ್ಲೋ ಬಿಟ್‌ಗಳು (ಡೇಟಾದ 0, 1ಗಳು) ಮಗುಚುತ್ತಿವೆ.

ವಿಂಡೋಸ್ ಜೊತೆ ಬರುವ ಮೆಮೊರಿ ಡಯಾಗ್ನಾಸ್ಟಿಕ್ ‘ದೋಷವಿಲ್ಲ’ ಅಂದಿತು. ಅದನ್ನು ನಂಬಿ ಎರಡು ದಿನ ಕಳೆದೆ. ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಎಂಬ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿದಾಗ ಇಪ್ಪತ್ತು ನಿಮಿಷದೊಳಗೆ ಪರದೆ ತುಂಬ ಕೆಂಪು ಸಾಲು. ಒಂದೇ ಒಂದು ಎರರ್ ಬಂದರೂ ಸಾಕು, ಅದು ದೋಷವೇ. ‘ಎರಡೇ ಬಂತು, ಪರವಾಗಿಲ್ಲ’ ಅನ್ನುವಂತಿಲ್ಲ.

ಮೊದಲು ಎಕ್ಸ್‌ಎಂಪಿ ತೆಗೆಯಿರಿ

ಡಬ್ಬಿಯ ಮೇಲಿನ 3200 ಎಂಬ ವೇಗ ತಾನಾಗಿ ಬರುವುದಲ್ಲ. ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ, ಅಂದರೆ ರ್ಯಾಮಿನ ಹೆಚ್ಚಿನ ವೇಗದ ಸೆಟ್ಟಿಂಗ್, ಹಾಕಿದರೆ ಮಾತ್ರ ನನ್ನ ಸ್ಟಿಕ್ 1.35 ವೋಲ್ಟಿನಲ್ಲಿ ಆ ವೇಗಕ್ಕೆ ಏರುತ್ತದೆ, ಇಲ್ಲದಿದ್ದರೆ 1.2 ವೋಲ್ಟು, 2400. ಎಕ್ಸ್‌ಎಂಪಿ ತೆಗೆದೊಡನೆ ಎರರ್ ನಿಂತರೆ ರ್ಯಾಮ್ ಕೆಟ್ಟಿರಲೇಬೇಕೆಂದಿಲ್ಲ, ಆ ವೇಗ ಅದಕ್ಕೋ ಪ್ರೊಸೆಸರಿಗೋ ಒಗ್ಗಿಲ್ಲ ಅಷ್ಟೇ. ನನ್ನದರಲ್ಲಿ ಎರರ್ ಕಡಿಮೆಯಾಯಿತು, ನಿಲ್ಲಲಿಲ್ಲ. (3200 ಹಾಕಿದ ಮೇಲೂ ವೇಗ ತೋರಿಸುವ ಸಿಪಿಯು-ಝಡ್ ತಂತ್ರಾಂಶ 1600 ತೋರಿಸಿದರೆ ಗಾಬರಿ ಬೇಡ. ಡಿಡಿಆರ್ ಒಂದು ಕ್ಲಾಕಿಗೆ ಎರಡು ಸಲ ಡೇಟಾ ಕಳಿಸುತ್ತದೆ, ಎರಡರಿಂದ ಗುಣಿಸಿಕೊಳ್ಳಿ.)

ನಾನು ಎಡವಿದ ಜಾಗ

ಎರಡೂ ಸ್ಟಿಕ್ ಹಾಕಿ ಟೆಸ್ಟ್ ಮಾಡಿದಾಗ ಬರುವ ಎರರ್ ವಿಳಾಸ ನೋಡಿ ಯಾವ ಸ್ಟಿಕ್ ಅಂತ ಹೇಳಲಾಗದು. ಡ್ಯುಯಲ್ ಚಾನೆಲ್‌ನಲ್ಲಿ (ಪ್ರೊಸೆಸರಿಗೂ ರ್ಯಾಮಿಗೂ ನಡುವೆ ಎರಡು ದಾರಿ) ವಿಳಾಸಗಳು ಎರಡು ಸ್ಟಿಕ್‌ಗೂ ಹಂಚಿಹೋಗಿರುತ್ತವೆ. ಹಾಗಾಗಿ ಒಂದೊಂದೇ ಟೆಸ್ಟ್ ಮಾಡಬೇಕು. ಇಷ್ಟು ಗೊತ್ತಿತ್ತು.

ಬೋರ್ಡಿನಲ್ಲಿ ಸ್ಟಿಕ್ ಕೂರಿಸಲು ನಾಲ್ಕು ಸ್ಲಾಟು: ಪ್ರೊಸೆಸರ್ ಕಡೆಯಿಂದ ಎ1, ಎ2, ಬಿ1, ಬಿ2. ಎರಡೇ ಸ್ಟಿಕ್ ಇದ್ದರೆ ಎ2 ಮತ್ತು ಬಿ2. ನಾನು ಏನು ಮಾಡಿದೆ ಅಂದರೆ, ಬಿ2ದಲ್ಲಿದ್ದ ಎರಡನೇ ಸ್ಟಿಕ್ ತೆಗೆದು ಟೆಸ್ಟ್ ಓಡಿಸಿದೆ. ಶುದ್ಧ. ಅದನ್ನು ವಾಪಸ್ ಅಲ್ಲೇ ಹಾಕಿ, ಎ2ದಲ್ಲಿದ್ದ ಮೊದಲನೆಯದನ್ನು ತೆಗೆದೆ. ಎರರ್ ಸುರಿಮಳೆ. ‘ಎರಡನೇ ಸ್ಟಿಕ್ ಹೋಗಿದೆ’ ಅಂತ ತೀರ್ಮಾನಿಸಿ, ಅಂಗಡಿಗೆ ಕೊರಿಯರ್ ಮಾಡಿ, ಹನ್ನೆರಡು ದಿನ ಕಾದು ಬದಲಿ ಸ್ಟಿಕ್ ತರಿಸಿದೆ. ಬಿ2ಕ್ಕೆ ಹಾಕಿದೆ. ಮತ್ತೆ ಅದೇ ಕೆಂಪು ಸಾಲು.

ಗೆಳೆಯನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವನು ಕೇಳಿದ್ದು ಒಂದೇ: “ಲೋ, ಆ ಸ್ಟಿಕ್‌ನ ಎ2ಗೆ ಹಾಕಿ ನೋಡಿದ್ಯಾ?”

ನೋಡಿರಲಿಲ್ಲ. ಒಂದನ್ನು ತೆಗೆದು ಇನ್ನೊಂದನ್ನು ಅದರ ಜಾಗದಲ್ಲೇ ಬಿಟ್ಟರೆ ನಾನು ಹೋಲಿಸುತ್ತಿರುವುದು ಸ್ಟಿಕ್ಕನ್ನಲ್ಲ. ‘ಮೊದಲ ಸ್ಟಿಕ್ ಜೊತೆ ಎ2’ ಮತ್ತು ‘ಎರಡನೇ ಸ್ಟಿಕ್ ಜೊತೆ ಬಿ2’ ಎಂಬ ಎರಡು ಜೋಡಿಗಳನ್ನು. ಜೋಡಿಯಲ್ಲಿ ತಪ್ಪು ಯಾರದು ಅಂತ ಅದರಿಂದ ತಿಳಿಯುವುದೇ ಇಲ್ಲ. ಬಲ್ಬು ಉರಿಯದಿದ್ದರೆ ಅಮ್ಮ ಅದನ್ನು ಅಡುಗೆಮನೆ ಹೋಲ್ಡರಿಗೆ ಹಾಕಿ ನೋಡುತ್ತಾಳೆ, ಆಮೇಲೆ ಅಂಗಡಿಗೆ ಕಳಿಸುತ್ತಾಳೆ. ನಾನು ಬಲ್ಬನ್ನು ಸೀದಾ ಅಂಗಡಿಗೆ ಕಳಿಸಿದ್ದೆ.

ಸರಿಯಾದ ಕ್ರಮ ಹೀಗೆ. ಸ್ಲಾಟು ಒಂದೇ ಇರಲಿ, ಸ್ಟಿಕ್ ಬದಲಾಗಲಿ: ಎ2ದಲ್ಲಿ ಮೊದಲನೆಯದು, ಆಮೇಲೆ ಎ2ದಲ್ಲೇ ಎರಡನೆಯದು. ಒಂದರಲ್ಲಿ ಮಾತ್ರ ಎರರ್ ಬಂದರೆ ಆ ಸ್ಟಿಕ್ಕೇ ಕಳ್ಳ. ಎರಡೂ ಶುದ್ಧವಾದರೆ, ಒಳ್ಳೆಯದೆಂದು ಗೊತ್ತಾದ ಒಂದು ಸ್ಟಿಕ್ ಹಿಡಿದುಕೊಂಡು ಸ್ಲಾಟು ಬದಲಿಸುತ್ತಾ ಹೋಗಿ. ಎರರ್ ಸ್ಟಿಕ್ಕಿನ ಹಿಂದೆ ಹೋಗುತ್ತದೋ, ಸ್ಲಾಟಿನಲ್ಲೇ ಕೂರುತ್ತದೋ? ಪ್ರತಿ ಸಲ ಸ್ವಿಚ್ ಆರಿಸಿ, ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಆಮೇಲೆ ಕೈ ಹಾಕಿ. ಫಲಿತಾಂಶ ಕಾಗದದ ಮೇಲೆ ಬರೆಯಿರಿ. ರಾತ್ರಿ ಹನ್ನೊಂದರ ಮೇಲೆ ಯಾವ ಸ್ಟಿಕ್ ಯಾವುದು ಅಂತ ನೆನಪಿರುವುದಿಲ್ಲ. ನಾನು ಒಂದರ ಮೇಲೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದಿಟ್ಟೆ.

ಎ2ದಲ್ಲಿ ಎರಡೂ ಶುದ್ಧ. ಬಿ2ದಲ್ಲಿ ಎರಡಕ್ಕೂ ಎರರ್. ಬಿ1ದಲ್ಲೂ ಎರರ್! ಎರಡು ಸ್ಲಾಟು ಒಟ್ಟಿಗೆ ಕೆಡುವುದು ಅಪರೂಪ, ಆದರೆ ಎರಡೂ ಒಂದೇ ಚಾನೆಲ್ಲಿನವು. ಆ ಚಾನೆಲ್ಲಿನ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ, ತಂತಿಗಳು ಹಾದುಹೋಗುವುದು ಪ್ರೊಸೆಸರ್ ಕೂರುವ ಸಾಕೆಟ್ಟಿನ ಮೂಲಕ. ಹಾಗಾಗಿ ಅನುಮಾನ ಅತ್ತ ತಿರುಗಿತು.

ಕೊನೆಗೆ ಸಿಕ್ಕಿದ್ದು

ಪ್ರೊಸೆಸರ್ ಮೇಲಿನ ಕೂಲರ್ ಬಿಚ್ಚಿ, ಪ್ರೊಸೆಸರ್ ಎತ್ತಿದೆ. ಟಾರ್ಚ್ ಹಾಕಿ ನೋಡಿದರೆ ಸಾಕೆಟ್ ಪಿನ್ನು ಬಾಗಿರಲಿಲ್ಲ. ಆದರೆ ಜೋಡಿಸುವಾಗ ಕೂಲರಿನ ಒಂದು ಮೂಲೆಯ ಸ್ಕ್ರೂ ಪೂರ್ತಿ ಬಿಗಿದು ಆಮೇಲೆ ಮಿಕ್ಕವನ್ನು ಹಿಡಿದಿದ್ದು ನೆನಪಾಯಿತು. ಒತ್ತಡ ಒಂದೇ ಕಡೆ ಬಿದ್ದರೆ ಸಾಕೆಟ್ಟಿನ ಕೆಲವು ಪಿನ್ನು ಪ್ರೊಸೆಸರಿಗೆ ಸರಿಯಾಗಿ ತಾಗುವುದಿಲ್ಲ. ಪ್ರೊಸೆಸರನ್ನು ಮತ್ತೆ ಕೂರಿಸಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿ, ಸ್ಕ್ರೂಗಳನ್ನು ಎದುರು ಮೂಲೆಯಿಂದ ಎದುರು ಮೂಲೆಗೆ ಎರಡೆರಡು ಸುತ್ತು ತಿರುಗಿಸುತ್ತಾ ಬಂದೆ. ರಾತ್ರಿಯಿಡೀ ಮೆಮ್‌ಟೆಸ್ಟ್, ಬೆಳಿಗ್ಗೆ ಸೊನ್ನೆ ಎರರ್. ಎಕ್ಸ್‌ಎಂಪಿ ಹಾಕಿ ಇನ್ನೊಂದು ರಾತ್ರಿ. ಸೊನ್ನೆ.

ಇನ್ನೊಂದು ಮಾತು. ಎರರ್ ಇದ್ದ ದಿನಗಳಲ್ಲಿ ಡಿಸ್ಕಿಗೆ ಬರೆದದ್ದನ್ನೆಲ್ಲ ನಂಬಬೇಡಿ. ನಾನು ವಿಂಡೋಸ್ ಹೊಸದಾಗಿ ಹಾಕಿದೆ. ಅದೇ ವಾರ ಹಳೇ ಲ್ಯಾಪ್‌ಟಾಪಿನಿಂದ ಅಕ್ಕನ ಮದುವೆ ಫೋಟೋಗಳನ್ನು ನಕಲು ಮಾಡಿದ್ದೆ; ತೆರೆದರೆ ಕೆಲವು ಅರ್ಧದವರೆಗೆ ಸರಿ, ಕೆಳಗೆ ಬೂದು ಪಟ್ಟೆ. ಹಳೇ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಲು ಪುರುಸೊತ್ತಾಗಿರಲಿಲ್ಲ. ಇವತ್ತು ಎಲ್ಲವನ್ನೂ ಮತ್ತೆ ಎಳೆದುಕೊಳ್ಳುತ್ತಿದ್ದೇನೆ.