ಕಾರಿನ ಸಾಲದಲ್ಲಿ ಬಚ್ಚಿಟ್ಟ ಕಮಿಷನ್: ಹಣ ವಾಪಸ್ ಕೇಳಬಹುದೇ?

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿದ್ದೇನೆ. 2018ರಲ್ಲಿ ಕಂತಿನ ಮೇಲೆ ಕಾರು ಕೊಂಡೆ. ಸಾಲ ಕೊಡಿಸಿದ್ದೂ ಷೋರೂಮಿನವರೇ. ಸಾಲ ತೀರಿದೆ, ಕಾರನ್ನೂ ಮಾರಿಯಾಗಿದೆ, ಕಾಗದಪತ್ರ ಒಂದೂ ಉಳಿದಿಲ್ಲ. ‘ನಿಮಗೆ ಹೇಳದೆ ಕಮಿಷನ್ ತಿಂದಿದ್ದಾರೆ, ನಾವು ಹಣ ಕೊಡಿಸುತ್ತೇವೆ’ ಎಂದು ವಾರಕ್ಕೆರಡು ಸಲ ಫೋನ್ ಬರುತ್ತಿದೆ. ಇದು ನಿಜವೇ? ನಿಜವಾದರೆ ನಾನೇನು ಮಾಡಬೇಕು?

ಉತ್ತರ: ಕಮಿಷನ್ ವಿಷಯ ನಿಜ. ಆ ಫೋನಿನವರ ಸಹವಾಸ ಮಾತ್ರ ಬೇಡ. ಯಾಕೆಂದು ಆಮೇಲೆ ಹೇಳುತ್ತೇನೆ.

ನಿಮ್ಮೆದುರು ಕೂತಿದ್ದ ಡೀಲರ್ ಅವತ್ತು ಎರಡು ಮಾರಾಟ ಮಾಡಿದ್ದ. ಒಂದು ಕಾರು, ಇನ್ನೊಂದು ಸಾಲ. ಕಾರಿನ ಬೆಲೆಗೆ ನೀವು ಚೌಕಾಸಿ ಮಾಡಿಯೇ ಇರುತ್ತೀರಿ. ಬಡ್ಡಿಗೆ ಮಾಡಿರಲಿಕ್ಕಿಲ್ಲ. ‘ಕಂಪ್ಯೂಟರ್ ಇಷ್ಟು ತೋರಿಸ್ತಿದೆ’ ಅಂದರೆ ಸಾಕು, ನಾವೆಲ್ಲ ತೆಪ್ಪಗೆ ಸಹಿ ಹಾಕುತ್ತೇವೆ. ಆದರೆ ಆಗ ಅನೇಕ ಸಾಲಸಂಸ್ಥೆಗಳು ಬಡ್ಡಿ ದರವನ್ನು ಡೀಲರ್ ಕೈಗೇ ಬಿಟ್ಟಿದ್ದವು. ಕೆಳಗೊಂದು ಮಿತಿ, ಮೇಲೊಂದು ಮಿತಿ, ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ದರ ಏರಿಸಿದಷ್ಟೂ ಡೀಲರಿಗೆ ಕಮಿಷನ್ ಜಾಸ್ತಿ. ಬ್ರಿಟನ್ನಿನಲ್ಲಿ ಇದಕ್ಕೆ ‘ಡಿಸ್ಕ್ರೀಷನರಿ ಕಮಿಷನ್’ ಎನ್ನುತ್ತಾರೆ.

ಲೆಕ್ಕ ಹಾಕಿ ನೋಡಿ. 10,000 ಪೌಂಡ್ ಸಾಲ, ಐದು ವರ್ಷದ ಕಂತು. ವಾರ್ಷಿಕ ಬಡ್ಡಿ ಶೇ 6 ಇದ್ದರೆ ತಿಂಗಳ ಕಂತು ಸುಮಾರು 193 ಪೌಂಡ್. ಶೇ 9 ಆದರೆ 207 ಪೌಂಡ್ ಚಿಲ್ಲರೆ. ತಿಂಗಳಿಗೆ 14 ಪೌಂಡಿನ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅರವತ್ತು ಕಂತು ಕಟ್ಟಿ ಮುಗಿಸುವಾಗ ಅದೇ 850 ಪೌಂಡ್ ದಾಟಿರುತ್ತದೆ. ಇದು ನಾನು ಹಾಕಿದ ಲೆಕ್ಕ. ಹಣಕಾಸು ನಿಯಂತ್ರಣ ಸಂಸ್ಥೆಯಾದ ಎಫ್‌ಸಿಎ 2019ರಲ್ಲಿ ಕೊಟ್ಟ ಅಂದಾಜು ಇನ್ನೂ ಜೋರಾಗಿತ್ತು: 10,000 ಪೌಂಡಿನ ಸಾಲದಲ್ಲಿ ನಾಲ್ಕು ವರ್ಷಕ್ಕೆ ಸುಮಾರು 1,100 ಪೌಂಡ್ ಹೆಚ್ಚುವರಿ ಬಡ್ಡಿ ಬೀಳಬಹುದು ಎಂದು. ಕೊನೆಗೆ 2021ರ ಜನವರಿ 28ರಿಂದ ಈ ಬಗೆಯ ಕಮಿಷನ್ನನ್ನೇ ನಿಷೇಧಿಸಿದರು. ನಿಮ್ಮ ಸಾಲ ಅದಕ್ಕೂ ಹಿಂದಿನದು.

‘ಒಪ್ಪಂದದಲ್ಲಿ ಬರೆದಿತ್ತಲ್ಲ’ ಎಂದು ಸಂಸ್ಥೆಯವರು ಹೇಳಬಹುದು. ನನ್ನದೇ ಹಳೆಯ ಸಾಲದ ಕಾಗದ ಹುಡುಕಿ ತೆಗೆದು ಓದಿದೆ. ನಿಜ, ಬರೆದಿತ್ತು. ಭೂತಗನ್ನಡಿ ಹಿಡಿಯಬೇಕಾದ ಅಕ್ಷರದಲ್ಲಿ, ‘ನಿಮ್ಮನ್ನು ಪರಿಚಯಿಸಿದವರು ಕಮಿಷನ್ ಪಡೆಯಬಹುದು’ ಎಂಬ ಅರ್ಥದ ಒಂದೇ ಒಂದು ಸಾಲು. ಎಷ್ಟು ಎಂದಿಲ್ಲ. ಬಡ್ಡಿಗೂ ಅದಕ್ಕೂ ನಂಟಿದೆ ಎಂದಂತೂ ಇಲ್ಲವೇ ಇಲ್ಲ. ಆ ‘ಬಹುದು’ ಎನ್ನುವುದರ ಹಿಂದೆ ಏನು ಬೇಕಾದರೂ ಅಡಗಿಸಬಹುದು.

ಹಾಗಾದರೆ ಕಮಿಷನ್ ತೆಗೆದುಕೊಂಡದ್ದೇ ತಪ್ಪೇ? ಅಲ್ಲ. ಇಲ್ಲಿಯೇ ಬಹಳ ಜನ ಎಡವುವುದು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಮೂವರು ಸಾಲಗಾರರ ಪರ ತೀರ್ಪು ಕೊಟ್ಟಾಗ, ಹೇಳದೆ ತೆಗೆದುಕೊಂಡ ಕಮಿಷನ್ನೆಲ್ಲ ವಾಪಸ್ ಬಂದೀತೆಂದು ಸುದ್ದಿಯಾಯಿತು. 2025ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಅದರ ಬಹುಪಾಲನ್ನು ತಳ್ಳಿಹಾಕಿತು. ಡೀಲರ್ ತನ್ನ ವ್ಯಾಪಾರ ನೋಡಿಕೊಳ್ಳುವವನೇ ಹೊರತು ಗಿರಾಕಿಯ ಹಿತ ಕಾಯಲು ಕಟ್ಟುಬಿದ್ದವನಲ್ಲ ಎಂದಿತು. ಮೂವರಲ್ಲಿ ಗೆದ್ದವರು ಮಾರ್ಕಸ್ ಜಾನ್ಸನ್ ಒಬ್ಬರೇ.

ಅವರು 2017ರಲ್ಲಿ ಕೊಂಡದ್ದು 6,499 ಪೌಂಡಿನ ಹಳೆಯ ಸುಜುಕಿ ಸ್ವಿಫ್ಟ್. ಡೀಲರಿಗೆ ಹೋದ ಕಮಿಷನ್ 1,650.95 ಪೌಂಡ್. ಸಾಲಕ್ಕಾಗಿ ಅವರು ತೆರಬೇಕಿದ್ದ ಒಟ್ಟು ಬಡ್ಡಿ-ಶುಲ್ಕದಲ್ಲಿ ಶೇ 55! ಹಲವು ಸಂಸ್ಥೆಗಳಲ್ಲಿ ವಿಚಾರಿಸಿ ಆರಿಸಿಕೊಟ್ಟಂತೆ ಕಾಗದದಲ್ಲಿ ತೋರಿಸಿದ್ದರು, ಅಸಲಿಗೆ ಸಾಲ ಕೊಡುವ ಮೊದಲ ಹಕ್ಕನ್ನು ಒಂದೇ ಸಂಸ್ಥೆಗೆ ಕೊಟ್ಟಿದ್ದರು. ಇದು 1974ರ ಗ್ರಾಹಕ ಸಾಲ ಕಾಯ್ದೆಯ ಪ್ರಕಾರ ‘ನ್ಯಾಯವಲ್ಲದ ಸಂಬಂಧ’ ಎಂದು ಕೋರ್ಟು ಹೇಳಿ, ಆ ಕಮಿಷನ್ನನ್ನು ಬಡ್ಡಿ ಸಮೇತ ಕೊಡಿಸಿತು. ಹಾಗಾಗಿ ಕಮಿಷನ್ ಇತ್ತು ಎಂದಷ್ಟೇ ಹೇಳಿದರೆ ಸಾಲದು. ಎಷ್ಟಿತ್ತು, ನಿಮ್ಮಿಂದ ಏನನ್ನು ಮುಚ್ಚಿಟ್ಟರು, ಅದರಿಂದ ನಿಮ್ಮ ಬಡ್ಡಿ ಏರಿತೇ ಎಂಬುದನ್ನು ನೋಡುತ್ತಾರೆ.

ಇದು ಹೊಸ ಕಥೆಯೂ ಅಲ್ಲ. ಸಾಲಗಾರನಿಗೆ ಕಂತು ಕಟ್ಟಲಾಗದಿದ್ದರೆ ನೆರವಿಗೆಂದು ಸಾಲದ ಜೊತೆ ಅಂಟಿಸಿ ಮಾರಿದ ಪಿಪಿಐ ಎಂಬ ವಿಮೆಯಲ್ಲೂ ಹೀಗೇ ಆಗಿತ್ತು. 2014ರಲ್ಲಿ ತೀರ್ಮಾನವಾದ ಪ್ಲೆವಿನ್ ಪ್ರಕರಣದಲ್ಲಿ ವಿಮೆಯ ಕಂತಿನ ಶೇ 71.8 ಕಮಿಷನ್ನಿಗೇ ಹೋಗಿತ್ತು. ಆ ದೂರುಗಳಿಗೆ 2019ರ ಆಗಸ್ಟ್ 29 ಕೊನೆಯ ದಿನವೆಂದು ಗೊತ್ತು ಮಾಡಿದ್ದರು. ಆಮೇಲೆ ಬಂದವರಲ್ಲಿ ಬಹುಪಾಲು ಜನ ಬರಿಗೈಯಲ್ಲಿ ಹೋದರು. ಆದ್ದರಿಂದ ನಾಳೆ ನೋಡೋಣ ಎನ್ನಬೇಡಿ.

ಕಾರಿನ ಸಾಲಕ್ಕೆ ಎಫ್‌ಸಿಎ 2025ರ ಅಕ್ಟೋಬರಿನಲ್ಲಿ ಮುಂದಿಟ್ಟ ಪರಿಹಾರ ಯೋಜನೆಯಲ್ಲಿ 2007ರ ಏಪ್ರಿಲ್ 6ರಿಂದ 2024ರ ನವೆಂಬರ್ 1ರ ತನಕದ ಒಪ್ಪಂದಗಳಿದ್ದವು. ಒಪ್ಪಂದಕ್ಕೆ ಸರಾಸರಿ 700 ಪೌಂಡ್ ಸಿಕ್ಕೀತೆಂದು ಆಗಿನ ಅಂದಾಜಾಗಿತ್ತು. 2018 ಇದರೊಳಗೇ ಬರುತ್ತದೆ. ಕಾರನ್ನು ಕೊನೆಗೆ ಹಿಂದಿರುಗಿಸುವ ಬರೀ ಬಾಡಿಗೆ ಒಪ್ಪಂದವಾಗಿದ್ದರೆ ಮಾತ್ರ ಬರುವುದಿಲ್ಲ. ಈಗ ಜಾರಿಯಲ್ಲಿರುವ ನಿಯಮ, ಗಡುವುಗಳನ್ನು ಎಫ್‌ಸಿಎ ಜಾಲತಾಣದಲ್ಲೇ ಓದಿಕೊಳ್ಳಿ, ಬೇರೆಯವರ ಬಾಯಿಂದ ಕೇಳಬೇಡಿ.

ಸಾಲ ತೀರಿದೆ, ಕಾರು ಮಾರಿದ್ದೀರಿ ಎನ್ನುವುದು ಅಡ್ಡಿಯಲ್ಲ. ದೂರು ಕೊಡಬೇಕಾದ್ದು ಸಾಲಸಂಸ್ಥೆಗೆ, ಷೋರೂಮಿಗಲ್ಲ. ಸಂಸ್ಥೆಯ ಹೆಸರು ಮರೆತಿದ್ದರೆ ಆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ, ತಿಂಗಳು ತಿಂಗಳು ಕಂತು ಎಳೆದುಕೊಂಡವರು ಯಾರೆಂದು ಅಲ್ಲಿರುತ್ತದೆ. ಕ್ರೆಡಿಟ್ ರಿಪೋರ್ಟಿನಲ್ಲೂ ಸಿಗಬಹುದು, ಆದರೆ ತೀರಿದ ಖಾತೆಗಳು ಅಲ್ಲಿ ಆರು ವರ್ಷ ಮಾತ್ರ ಇರುತ್ತವೆ. ಹೆಸರು ಸಿಕ್ಕ ಮೇಲೆ ಒಂದು ಇಮೇಲ್ ಸಾಕು. ನಿಮ್ಮ ಹೆಸರು, ಆಗಿನ ವಿಳಾಸ, ಕಾರಿನ ನಂಬರ್ ಬರೆದು, ಕಮಿಷನ್ ಕೊಟ್ಟಿದ್ದೀರಾ, ಎಷ್ಟು, ಬಡ್ಡಿ ದರ ಡೀಲರ್ ಕೈಯಲ್ಲಿತ್ತೇ ಎಂದು ಕೇಳಿ. ಇದನ್ನು ದೂರಾಗಿ ಪರಿಗಣಿಸಿ ಎಂದು ಒಂದು ಸಾಲು ಸೇರಿಸಿ. ಒಪ್ಪಂದದ ಪ್ರತಿಯನ್ನೂ ಕೇಳಿ. ನಿಮ್ಮ ಬಗ್ಗೆ ಇಟ್ಟುಕೊಂಡ ಮಾಹಿತಿಯನ್ನು ಕೇಳುವುದು ಹಕ್ಕು. ಸಾಮಾನ್ಯವಾಗಿ ಒಂದು ತಿಂಗಳೊಳಗೆ, ಬಿಟ್ಟಿಯಾಗಿ ಕೊಡಬೇಕು.

ಈಗ ಫೋನಿನವರ ವಿಷಯ. ಅವರಲ್ಲಿ ಪರವಾನಗಿ ಇರುವವರು ಮಾಡುವುದೂ ಇಷ್ಟೇ: ಇದೇ ಇಮೇಲ್ ಕಳಿಸುವುದು. ಅದಕ್ಕೆ ಬಂದ ಹಣದಲ್ಲಿ ಶೇ 30ಕ್ಕೂ ಹೆಚ್ಚು ಅವರ ಪಾಲಾಗಬಹುದು ಎಂದು ಎಫ್‌ಸಿಎ ಎಚ್ಚರಿಸಿದೆ. ಕಮಿಷನ್ ಹೋಯಿತೆಂದು ದೂರು ಕೊಡಲು ಇನ್ನೊಬ್ಬರಿಗೆ ಕಮಿಷನ್ ಕೊಡುವುದೆಂದರೆ ನನಗಂತೂ ಸಂಕಟವಾಗುತ್ತದೆ. ಇನ್ನು ಸಾಲಸಂಸ್ಥೆಯವರ ಸೋಗು ಹಾಕಿ, ‘ನಿಮ್ಮ ಹಣ ರೆಡಿ ಇದೆ’ ಎಂದು ಬ್ಯಾಂಕ್ ವಿವರ ಕೇಳುವ ಕಳ್ಳರೂ ಇದ್ದಾರೆ. ಫೋನ್ ಇಟ್ಟುಬಿಡಿ. ಈಗಾಗಲೇ ಯಾರಿಗಾದರೂ ಸಹಿ ಹಾಕಿಕೊಟ್ಟಿದ್ದರೆ ಮೊದಲು ಆ ಕಾಗದದಲ್ಲಿ ಒಪ್ಪಂದ ರದ್ದುಮಾಡುವ ನಿಯಮ ಏನಿದೆಯೆಂದು ನೋಡಿ. ಇಲ್ಲದಿದ್ದರೆ ನೀವೇ ದೂರು ಕೊಟ್ಟು ಗೆದ್ದರೂ ಅವರು ಬಿಲ್ ಕಳಿಸಬಹುದು.

ಸಾಲಸಂಸ್ಥೆ ನಿಮ್ಮ ದೂರನ್ನು ತಳ್ಳಿಹಾಕಿ ಅಂತಿಮ ಉತ್ತರ ಕೊಟ್ಟರೆ, ಅದರ ತಾರೀಕಿನಿಂದ ಸಾಮಾನ್ಯವಾಗಿ ಆರು ತಿಂಗಳೊಳಗೆ, ಹಣಕಾಸು ಸಂಸ್ಥೆಗಳ ಮೇಲಿನ ದೂರುಗಳನ್ನು ತೀರ್ಮಾನಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಗ್ರಾಹಕರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆ ಉತ್ತರ ಬಂದ ಲಕೋಟೆಯನ್ನು ಮಾತ್ರ ಈ ಸಲ ಕಳೆದುಕೊಳ್ಳಬೇಡಿ.